ಅವ್ವನ ಪದದ ಎರಡನೆಯ ನುಡಿ

ಭಾನಾಮತಿ, ಮೈಮೇಲೆ ದೇವರು ಬರುವುದು, ಕನಸಿನಲ್ಲಿ ಹಿರಿಯರು ಬಂದು ಗುಟ್ಟು ಹೇಳುವುದು, ಇಂಥದ್ದನ್ನೆಲ್ಲ ನಾನು ಎಂದೂ ನಂಬಿದವಳಲ್ಲ. ಆರನೆಯ ವರ್ಷಕ್ಕೇ ಬೆಳಗಾವಿಯ ಕಾನ್ವೆಂಟ್ ಸೇರಿದವಳು ನಾನು. ಅಲ್ಲಿಯ ಸಿಸ್ಟರ್‌ಗಳು ಪ್ರೇಯರನ್ನೂ ಗಣಿತವನ್ನೂ ಒಂದೇ ಶಿಸ್ತಿನಲ್ಲಿ ಕಲಿಸಿದರು. ಮುಂದೆ ಮೂವತ್ತೊಂದು ವರ್ಷ ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದೆ. ಹುಡುಗಿಯರು "ಮಿಸ್, ನಿಮ್ಮ ಹಿಂದ ಏನೋ ನಿಂತೈತಿ" ಎಂದು ಹೆದರಿಸಲು ಬಂದರೆ, "ನಿಂತಿದ್ರ ಕುಂದರಾಕ ಹೇಳು, ಲಾಸ್ಟ್ ಬೆಂಚ್ ಖಾಲಿ ಐತಿ" ಎನ್ನುತ್ತಿದ್ದೆ.

ಭಂಗಿಯ ಬಗ್ಗೆ ಅಂತೂ ನನಗೆ ಇದ್ದದ್ದು ಬರೀ ತಾತ್ಸಾರ. ಗಾಂಜಾ ಗಿಡದ ಎಲೆಯನ್ನು ಅರೆದು, ಮೆಣಸು, ಬೆಲ್ಲ, ಹಾಲು ಸೇರಿಸಿ ಕುಡಿಯುವ ಭಂಗಿ ನಮ್ಮ ಕಡೆಯ ಕೆಲವು ಹಳೆಯ ಮಠಗಳಲ್ಲಿ ಪ್ರಸಾದವೆಂದು ನಡೆದುಕೊಂಡು ಬಂದದ್ದು ನನಗೆ ಗೊತ್ತಿತ್ತು. ನನ್ನ ಯಜಮಾನರ ಚಿಕ್ಕಪ್ಪ, ಕಿತ್ತೂರಿನಲ್ಲಿ ವಕೀಲರಾಗಿದ್ದವರು, ವರ್ಷಕ್ಕೆ ಒಂದೇ ಸಲ ಸವದತ್ತಿ ಕಡೆಯ ಒಂದು ಮಠಕ್ಕೆ ಹೋಗಿ ಅದನ್ನು ತೆಗೆದುಕೊಳ್ಳುತ್ತಿದ್ದರು. "ಸುಮ್ಮಸುಮ್ಮನ ಕೊಡಂಗಿಲ್ಲ ತಂಗಿ. ಯಾಕ ಬೇಕು ಅಂತ ಕೇಳತಾರ. ನಾ ನಮ್ಮಣ್ಣನ ಮ್ಯಾಲಿನ ಸಿಟ್ಟು ಇಳಸಾಕ ತಗೋತೇನಿ" ಎಂದು ಅವರು ಒಮ್ಮೆ ಹೇಳಿದಾಗ, "ಕಾಕಾ, ಅದಕ್ಕ ಅಣ್ಣಗ ಒಂದು 'ಐ ಆಮ್ ಸಾರಿ' ಅಂದ್ರ ಸಾಕಿತ್ತಲ್ಲ" ಎಂದು ನಕ್ಕುಬಿಟ್ಟಿದ್ದೆ. ಅವರು ನಗಲಿಲ್ಲ. ಆ ನಗು ನನಗೆ ಆರು ವರ್ಷದ ಹಿಂದೆ ನೆನಪಾಯಿತು.

ಆಗ ನನಗೆ ಎಪ್ಪತ್ತೆರಡು. ನನಗಿಂತ ಏಳು ವರ್ಷ ದೊಡ್ಡವಳಾದ ಗಂಗಕ್ಕ ರಾಮದುರ್ಗದಲ್ಲಿ ಮಗನ ಮನೆಯಲ್ಲಿದ್ದಳು. ತುಂಬಿದ ಮನೆ, ಸೇವೆಗೆ ಏನೂ ಕೊರತೆಯಿರಲಿಲ್ಲ. ಆದರೆ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದ ಮೇಲೆ ಮಂಚ ಹಿಡಿದವಳು, ನಿಧಾನವಾಗಿ ಊಟ ಬಿಟ್ಟಳು. ಇನ್ನು ಔಷಧದಿಂದ ಆಗುವಂಥದ್ದು ಏನಿಲ್ಲ, ಏನು ಸೇರುತ್ತದೋ ಅದನ್ನು ಕೊಡಿ ಎಂದು ಡಾಕ್ಟರ್ ಹೇಳಿದ್ದರಂತೆ. ಏನೂ ಸೇರುತ್ತಿರಲಿಲ್ಲ. ಬುದ್ಧಿ ಒಮ್ಮೆ ನಿಚ್ಚಳವಾಗಿರುತ್ತಿತ್ತು, ಒಮ್ಮೆ ಎಲ್ಲೋ ಹೋಗಿಬಿಡುತ್ತಿತ್ತು. ಬಲಗೈ ಮಾತ್ರ ಸುಮ್ಮನಿರಲಿಲ್ಲ. ಹೊದಿಕೆಯ ಮೇಲೆ ಮುಷ್ಟಿ ಹಿಡಿದು ಒಂದೇ ಸವನೆ ದುಂಡಗೆ ತಿರುಗಿಸುತ್ತಿದ್ದಳು. ನರದ ದೋಷ ಎಂದು ಮನೆಯವರು ತಿಳಿದಿದ್ದರು. ನಾನೂ ಹಾಗೆಯೇ ಅಂದುಕೊಂಡು ಆ ಕೈ ಹಿಡಿದು ನಿಲ್ಲಿಸಲು ಹೋದೆ.

"ಬಿಡು, ಬೀಸಾಕತ್ತೇನಿ" ಎಂದಳು ಅಕ್ಕ. ಆಮೇಲೆ ನನ್ನ ಮುಖವನ್ನೇ ನೋಡುತ್ತ, "ಅವ್ವನ ಪದ ಹೇಳವಾ. ಬೀಸುವಾಗ ಅಂತಿದ್ದಳಲ್ಲ, ಅದು. ನೀ ಅಂದ್ರ ಉಣತೇನಿ."

"ನನಗೆಲ್ಲಿ ಬರತೈತಿ ಅಕ್ಕಾ? ಆವಾಗ ನಾ ಆರು ವರ್ಷದಾಕಿ. ನಿನಗ ಬರಬೇಕು."

"ನನಗ ಹೋಗೇತಿ. ನೀ ಸಾಲಿ ಕಲಿತಾಕಿ. ನಿನಗ ಬರದಿದ್ರ ಮತ್ಯಾರಿಗೆ ಬರತೈತಿ?"

ಸೊಸೆ ಶಾಂತಾ ಬಾಗಿಲಲ್ಲಿ ಬಟ್ಟಲು ಹಿಡಿದು ನಿಂತಿದ್ದಳು. "ದಿನಾ ಇದನ್ನ ಕೇಳತಾರ್ರಿ ಚಿಗವ್ವಾರ. ಮೊಬೈಲಿನ್ಯಾಗ ಬೀಸೂ ಪದ ಹಚ್ಚಿ ಕೊಟ್ಟೆ. ಅದು ಯಾರದೋ ಅವ್ವಂದು, ನಮ್ಮವ್ವಂದಲ್ಲ ಅಂತ ಮಾರಿ ತಿರುವಿಬಿಟ್ರು" ಎಂದಳು.

ಅದು ನಿಜ. ನಮ್ಮ ಕಡೆ ಹೆಂಗಸರು ಊರಿಗೆಲ್ಲ ಗೊತ್ತಿದ್ದ ಪದಗಳ ಜೊತೆಗೆ ತಮ್ಮ ಮನೆಯದೇ ಸಂಗತಿಯನ್ನು ಕಟ್ಟಿ ಬೀಸುಕಲ್ಲಿನ ಮುಂದೆ ಹಾಡುತ್ತಿದ್ದರು. ಆ ಪದ ಆ ಮನೆಯ ಗೋಡೆ ದಾಟುತ್ತಿರಲಿಲ್ಲ. ನಮ್ಮ ತವರೂರು ಹೂಲಿಯ ಮನೆಯಲ್ಲಿ ಅವ್ವ ಕಟ್ಟಿದ ಪದವನ್ನು ಕೇಳಿದ್ದವರು ಇಬ್ಬರೇ, ಅಕ್ಕ ಮತ್ತು ನಾನು. ಜೂನ್ ತಿಂಗಳಲ್ಲಿ ಅಪ್ಪ ನನ್ನನ್ನು ಕಾನ್ವೆಂಟಿನ ಹಾಸ್ಟೆಲಿಗೆ ಬಿಟ್ಟುಬಂದರು. ಆ ಚಳಿಗಾಲದಲ್ಲೇ ಅವ್ವ ಹೆರಿಗೆಯಲ್ಲಿ ತೀರಿಕೊಂಡಳು. ನನಗೆ ಸುದ್ದಿ ಹೇಳಿದ್ದು ಒಬ್ಬ ಸಿಸ್ಟರ್, ಇಂಗ್ಲಿಷಿನಲ್ಲಿ. ನನಗೆ ಅದರಲ್ಲಿ ಅರ್ಧ ತಿಳಿಯಲಿಲ್ಲ. ಏಪ್ರಿಲ್ ರಜೆಗೆ ಮನೆಗೆ ಬಂದಾಗ ಬೀಸುಕಲ್ಲು ಮೂಲೆ ಸೇರಿತ್ತು, ಊರಿಗೆ ಗಿರಣಿ ಬಂದಿತ್ತು. ಅವ್ವನ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ಅವಳ ಮುಖ ನನಗೆ ನೆನಪಿಲ್ಲ. ಇದನ್ನು ನಾನು ಬಹಳ ಜನರಿಗೆ ಹೇಳಿದವಳಲ್ಲ.

ರಾಮದುರ್ಗದಿಂದ ಬಸ್ಸಿನಲ್ಲಿ ವಾಪಸ್ ಬರುವಾಗಲೇ ನಾನು ನಿಶ್ಚಯ ಮಾಡಿಬಿಟ್ಟಿದ್ದೆ. ಅಕ್ಕ ನನ್ನ ಹತ್ತಿರ ಏನನ್ನೂ ಕೇಳಿದವಳಲ್ಲ. ನಾನು ಓದಲೆಂದು ಹೋದೆ, ಅವಳು ಹದಿಮೂರಕ್ಕೆ ಅವ್ವನಿಲ್ಲದ ಮನೆಯ ಒಲೆಯ ಮುಂದೆ ಕೂತಳು. ಈಗ ಒಂದು ಪದ ಕೇಳಿದ್ದಾಳೆ. ಅದನ್ನು ಎಲ್ಲಿಂದಾದರೂ ತರಲೇಬೇಕು. ತರುವ ದಾರಿ ಯಾವುದೆಂದು ಯೋಚಿಸುತ್ತ ಕೂತಾಗ ವಕೀಲ ಕಾಕಾ ನೆನಪಾದರು. ಭಂಗಿ ಕುಡಿದಾಗ ಅಣ್ಣನ ಜೊತೆ ಆಡಿದ, ಮರೆತೇಹೋಗಿದ್ದ ದಿನಗಳು ಕಣ್ಣೆದುರು ಬರುತ್ತವೆ ಎಂದೂ ಅವರು ಹೇಳಿದ್ದರು.

ನಮ್ಮ ಗೋಡೆಯಾಚೆಯ ಮನೆಯ ನಸೀಮಾ ಸರ್ಕಾರಿ ದವಾಖಾನೆಯಲ್ಲಿ ಸ್ಟಾಫ್ ನರ್ಸ್ ಆಗಿ ರಿಟೈರ್ ಆದವಳು, ಇಪ್ಪತ್ತೈದು ವರ್ಷದ ಗೆಳತಿ. ನಾನು ವಿಷಯ ಹೇಳಿದಾಗ ಅವಳು ಚಹಾದ ಕಪ್ ಕೆಳಗಿಟ್ಟಳು.

"ಟೀಚರ್‌ಬಾಯಿ, ನಿಮಗ ಬಿ.ಪಿ. ಗುಳಿಗಿ ನುಂಗೂದು ನೆನಪಿರಂಗಿಲ್ಲ. ಭಂಗಿ ಕುಡದು ಅರವತ್ತಾರು ವರ್ಷದ ಹಿಂದಿಂದು ನೆನಸಾಕಿ ನೀವು?"

"ಬರತೀಯೋ ಇಲ್ಲೋ ಅಷ್ಟ ಹೇಳು."

"ಬರದ ಏನ್ ಮಾಡ್ಲಿ? ನಿಮಗೇನಾರ ಆದ್ರ ನನಗ ದಿನಾ ಇಂಗ್ಲಿಷ್ ಪೇಪರ್ ಯಾರು ಓದಿ ಹೇಳತಾರ?"

ಆ ಮಠದ ಹೆಸರು ಬೇಡ. ಸವದತ್ತಿ ಕಡೆ ಎಂದರೆ ಸಾಕು. ನಾಲ್ಕು ಕಂಬದ ಪಡಸಾಲೆ, ಒಂದು ಗದ್ದುಗೆ, ಹಿಂದೆ ಒಂದು ಬೇವಿನ ಗಿಡ. ಅಲ್ಲಿ ಭಂಗಿ ಅರೆದು ಕೊಡುವವಳು ಬಸಲಿಂಗವ್ವ ಎಂಬ ಹೆಂಗಸು, ನನ್ನದೇ ವಯಸ್ಸಿನವಳು. ಅವಳ ಅತ್ತೆಯೂ ಅದೇ ಕೆಲಸ ಮಾಡುತ್ತಿದ್ದಳಂತೆ. ಅವಳು ನನ್ನನ್ನು ಕೂರಿಸಿ ಕೇಳಿದ ಮೊದಲ ಪ್ರಶ್ನೆ, "ಯಾಕ ಬೇಕ್ರಿ?"

ನಾನು ಹೇಳತೊಡಗಿದೆ. ಅಕ್ಕ ಊಟ ಬಿಟ್ಟಿದ್ದಾಳೆ, ನನಗೆ ನಿದ್ದೆಯಿಲ್ಲ, ಅವ್ವನ ಪದ ನೆನಪಾಗಬೇಕು, ಅವಳ ಮುಖವೂ ನೆನಪಾದರೆ ಮನಸ್ಸಿಗೆ ಒಂದು ಸಮಾಧಾನ. ಬಸಲಿಂಗವ್ವ ಬೆರಳು ಮಡಚುತ್ತ ಕೇಳಿದಳು.

"ಇವು ನಾಕಾದವು. ಒಂದ ಆದ ಮ್ಯಾಲೆ ಬರ್ರಿ."

"ಒಂದ ಅಂದ್ರ?"

"ಒಂದ ಮಾತು. ಒಂದ ಉಸಿರಿನ್ಯಾಗ ಹೇಳಾಕ ಬರಬೇಕು. ಬರೇ ಸಮಾಧಾನ ಬೇಕಂದ್ರ ಚಹಾ ಕುಡದು ಹೋಗ್ರಿ, ಚಹಾ ಕುದ್ಯಾಕತ್ತೈತಿ."

ಚಹಾ ಕುಡಿದು ವಾಪಸ್ ಬಂದೆವು. ಮೂವತ್ತೊಂದು ವರ್ಷ ಮಕ್ಕಳ ಕಾಂಪೊಸಿಷನ್ನಿಗೆ ಕೆಂಪು ಗೆರೆ ಎಳೆದವಳಿಗೆ ಇವಳು ಒಂದೇ ಏಟಿಗೆ ಗೆರೆ ಎಳೆದಿದ್ದಳು. ಬಸ್ಸಿನ ತುಂಬ ಕೇಳುವ ಹಾಗೆ ನಸೀಮಾ, "ನಮ್ಮ ಟೀಚರ್‌ಬಾಯಿ ಫೇಲ್ ಆದ್ರು" ಎಂದು ನಕ್ಕಳು.

ನನಗೆ ಸಿಟ್ಟು ಬಂದಿತ್ತು, ಆದರೆ ಹಟವೂ ಬಂದಿತ್ತು. ಊಟದ ಟೇಬಲ್ಲಿನ ಮೇಲೆ ನೋಟ್‌ಬುಕ್ ಇಟ್ಟುಕೊಂಡು ನಾಲ್ಕು ದಿನ ಕೂತೆ. ಮೊದಲು ಇಂಗ್ಲಿಷಿನಲ್ಲಿ ಬರೆದೆ, ನಾನು ಯೋಚಿಸುವುದೇ ಅದರಲ್ಲಿ. ಬರೆದದ್ದೆಲ್ಲ ಗ್ರಾಮರ್ ಪ್ರಕಾರ ಸರಿಯಿತ್ತು, ಸುಳ್ಳಿತ್ತು. ಪ್ರತಿ ವಾಕ್ಯವೂ 'ನನಗೆ' ಎಂದು ಶುರುವಾಗುತ್ತಿತ್ತು. ಅಕ್ಕನ ಹೆಸರಿನಲ್ಲಿ ನಾನು ನನ್ನ ಅವ್ವನನ್ನು ಕೇಳಲು ಹೊರಟಿದ್ದೆ. ಅದನ್ನು ಒಪ್ಪಿಕೊಳ್ಳಲು ನಾಲ್ಕು ದಿನ ಬೇಕಾಯಿತು. ಐದನೆಯ ದಿನ ಕನ್ನಡದಲ್ಲಿ ಒಂದು ಸಾಲು ಉಳಿಯಿತು. ಅದನ್ನು ಹಿಡಿದುಕೊಂಡು ಮತ್ತೆ ಹೋದೆವು.

"ಯಾಕ ಬೇಕ್ರಿ?"

"ನಮ್ಮವ್ವನ ಬೀಸೂ ಪದ ನಮ್ಮಕ್ಕಗ ಮುಟ್ಟಸಬೇಕು."

ಬಸಲಿಂಗವ್ವ ತಲೆಯಾಡಿಸಿದಳು. "ಇದು ಸರಿ ಐತಿ. ಇದರಾಗ ನೀವು ಒಯ್ಯಾಕಿ, ಬೇಡಾಕಿ ಅಲ್ಲ."

ಅಲ್ಲಿಯ ಪದ್ಧತಿಯೆಂದರೆ, ಕುಡಿಯುವವರೇ ಅರೆಯಬೇಕು. ಒರಳಿನ ಮುಂದೆ ಕೂತು ಗುಂಡುಕಲ್ಲು ತಿರುವಬೇಕು, ಅರೆಯುತ್ತ ತಮ್ಮ ಆ ಒಂದು ಮಾತನ್ನು ಮನಸ್ಸಿನಲ್ಲಿ ಹೇಳಿಕೊಳ್ಳಬೇಕು. ಬೇರೆ ಮಾತು ಮನಸ್ಸಿಗೆ ಬಂದರೆ ಕೈ ನಿಲ್ಲಿಸಬೇಕು. ನಾನು ಎಷ್ಟು ಸಲ ನಿಲ್ಲಿಸಿದೆನೋ ದೇವರಿಗೇ ಗೊತ್ತು. ಬಸಲಿಂಗವ್ವ ಎದುರು ಕೂತು ಎಲೆಯನ್ನು ಒಳಕ್ಕೆ ತಳ್ಳುತ್ತಿದ್ದಳು. ಹಸಿ ಮೇವಿನಂಥ ವಾಸನೆ. ಕೊನೆಗೆ ಹಾಲಿನಲ್ಲಿ ಕಲಸಿ ಸಣ್ಣ ಬಟ್ಟಲಿನಲ್ಲಿ ಮೂರೇ ಗುಟುಕು ಕೊಟ್ಟಳು. ಜೊತೆಗೆ ಒಬ್ಬ ಸಾಕ್ಷಿ ಇರಬೇಕು, ಅವರು ಕುಡಿಯಬಾರದು. ಮರುದಿನ ಬೆಳಗಿನ ತನಕ ಮಠ ಬಿಟ್ಟು ಹೊರಡಬಾರದು.

"ಇನ್ನೊಂದು ಕೇಳ್ರಿ" ಎಂದಳು ಬಸಲಿಂಗವ್ವ. "ಏನ ಕಂಡ್ರೂ ಹೇಳಿದ್ದನ್ನ ಬಿಟ್ಟು ಬ್ಯಾರೆ ಏನೂ ಮುಟ್ಟಬ್ಯಾಡ್ರಿ. ಆಸೆ ಆಕ್ಕೈತಿ. ಆದ್ರೂ ಬ್ಯಾಡ."

ನಡುಮಧ್ಯಾಹ್ನ. ನಾನು ಕಂಬಕ್ಕೆ ಒರಗಿ ಕೂತೆ. ನಾನು ಏನು ಹೇಳಿದರೂ ರೆಕಾರ್ಡ್ ಮಾಡು ಎಂದು ನಸೀಮಾಗೆ ಮೊದಲೇ ಹೇಳಿದ್ದೆ. ಅವಳು ಒಂದು ಕೈಯಲ್ಲಿ ಮೊಬೈಲ್, ಪಕ್ಕದಲ್ಲಿ ಬಿ.ಪಿ. ಮಷೀನ್ ಇಟ್ಟುಕೊಂಡು ಪರೀಕ್ಷೆಯ ಸೂಪರ್‌ವೈಸರ್ ಹಾಗೆ ಕೂತಳು. ಒಂದು ತಾಸು ಏನೂ ಆಗಲಿಲ್ಲ.

"ಏನಾರ ಆತೇನ್ರಿ?"

"ಇಲ್ಲ."

"ಹಂಗಾರ ಹಾಲು ಛಲೋ ಇತ್ತು ಅಂತ ತಿಳಕೊಳ್ರಿ."

ನಾನು ನಕ್ಕೆ. ಆ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು ಎನ್ನಿಸಿತು. ಬೇವಿನ ಗಿಡದಲ್ಲಿ ಒಂದು ಕಾಗೆ ಕೂಗಿತು, ಆ ಕೂಗು ಮುಗಿಯಲೇ ಇಲ್ಲ. ಬಾಯಿ ಒಣಗಿತು. ಎದುರಿನ ಕಂಬ ನೋಡುತ್ತ ಅದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಯೋಚಿಸಿದೆ. ಬರಲಿಲ್ಲ. ಕಂಬ ಎನ್ನುವುದೊಂದೇ ಬಂತು. ಹೆದರಿಕೆಯಾಯಿತು. ಅರವತ್ತಾರು ವರ್ಷ ದಿನವೂ ಬೆಳಿಗ್ಗೆ ಬಾಯಿಪಾಠ ಹೇಳಿದ ಪ್ರೇಯರ್ ಹುಡುಕಿದೆ, ಒಂದು ಶಬ್ದವೂ ಇರಲಿಲ್ಲ. ನನ್ನ ಇಂಗ್ಲಿಷ್ ಪೂರ್ತಿಯಾಗಿ ಹೋಗಿತ್ತು, ಕಾನ್ವೆಂಟಿಗೆ ಹೋಗುವ ಮೊದಲು ನಾನು ಹೇಗಿದ್ದೆನೋ ಹಾಗೆ. ನಸೀಮಾ ನಾಡಿ ಹಿಡಿದು, "ಛಲೋ ಐತಿ, ಹೆದರಬ್ಯಾಡ್ರಿ" ಎಂದಳು. ನಾನು ನನ್ನ ಒಂದು ಮಾತನ್ನು ಹಿಡಿದುಕೊಂಡು ಕೂತೆ. ಮುಟ್ಟಿಸಬೇಕು, ಅಕ್ಕನಿಗೆ ಮುಟ್ಟಿಸಬೇಕು.

ಮೊದಲು ಬಂದದ್ದು ವಾಸನೆ, ಆಗಷ್ಟೇ ಬೀಸಿದ ಜೋಳದ ಹಿಟ್ಟಿನ ಬೆಚ್ಚನೆಯ ವಾಸನೆ. ಆಮೇಲೆ ಕಲ್ಲು ಕಾಣಿಸಿತು. ಕಲ್ಲಿನ ಗೂಟದ ಮೇಲೆ ಎರಡು ಕೈ. ಹಸಿರು ಬಳೆ ತೊಟ್ಟ ಕೈ ಹತ್ತಿರದ್ದು, ಎದುರಿನದು ಎಳೆಯ ಕೈ, ಅಕ್ಕನದು. ನಡುವೆ ಮೊಣಕೈತನಕ ಹಿಟ್ಟಾದ ಒಂದು ಪುಟ್ಟ ಕೈ ಕಲ್ಲಿನ ಬಾಯಿಗೆ ಕಾಳು ಹಾಕುತ್ತಿತ್ತು. ಯಾರೋ ಹಾಡಿದ್ದನ್ನು ನಾನು ಕೇಳಲಿಲ್ಲ. ಪದ ನನ್ನ ಬಾಯಿಂದಲೇ ಹೊರಟಿತು.

ಎರಡು ಕೈ ಹಿಡಿದರ ಹಗುರಾತು ನನ ಕಲ್ಲ
ಒಂದು ಗಂಗೀದು ಒಂದು ನಂದು | ನಡುವಿನ
ಹಿಟ್ಟಿನ ಕೈ ಸಣ್ಣಾಕೀದು

ಸಣ್ಣಾಕಿ ಎಂದರೆ ನಾನು. ಮನೆಯಲ್ಲಿ ನನ್ನನ್ನು ಕರೆಯುತ್ತಿದ್ದದ್ದೇ ಹಾಗೆ. ಆ ಕ್ಷಣದಲ್ಲಿ ನನಗೆ ಖಚಿತವಾಗಿ ಗೊತ್ತಾಯಿತು, ನಾನು ತಲೆ ಎತ್ತಿದರೆ ಮುಖ ಕಾಣುತ್ತದೆ. ಬರೀ ತಲೆ ಎತ್ತಬೇಕು, ಅಷ್ಟೇ. ಓದುವವರು ನಂಬುತ್ತಾರೋ ಇಲ್ಲವೋ, ನನ್ನ ಬದುಕಿನಲ್ಲಿ ಅದಕ್ಕಿಂತ ಕಷ್ಟದ ಕೆಲಸ ನಾನು ಮಾಡಿಲ್ಲ. ಗಂಡನ ಚಿತೆಯ ಮುಂದೆ ನಿಂತಾಗಲೂ ಇಷ್ಟು ಕಷ್ಟವಾಗಿರಲಿಲ್ಲ. ನಾನು ತಂದ ಮಾತಿನಲ್ಲಿ ಮುಖ ಇರಲಿಲ್ಲ. ಕಣ್ಣನ್ನು ಕಲ್ಲಿನ ಮೇಲೆಯೇ ಇಟ್ಟೆ. ಕಲ್ಲು ನಿಧಾನವಾಯಿತು, ಪದ ಮುಂದುವರಿಯಿತು.

ಎರಡು ಕೈ ಹಿಡಿದರೂ ಭಾರಾತು ನನ ಕಲ್ಲ
ಗಂಟಿ ಬಾರಿಸೂ ಮನಿಯಾಗ | ಸಣ್ಣಾಕಿ
ಬಿಳಿ ಅಂಗಿ ತೊಟ್ಟು ನಿಂತಾಳ

ಅಷ್ಟೇ. ಸಂಜೆಯ ಹೊತ್ತಿಗೆ ತಲೆ ತಿಳಿಯಾಯಿತು, ಇಂಗ್ಲಿಷೂ ವಾಪಸ್ ಬಂತು. ಬಸಲಿಂಗವ್ವ ರೊಟ್ಟಿ ಬಡಿದು ಕೊಟ್ಟಳು, ಹಸಿವು ಎಂದರೆ ಅಂಥ ಹಸಿವು. ಏನು ಕಂಡಿತು ಎಂದು ಅವಳು ಕೇಳಲೇ ಇಲ್ಲ.

ಮರುದಿನ ಬೆಳಿಗ್ಗೆ ನೆಟ್ಟಗೆ ರಾಮದುರ್ಗಕ್ಕೆ ಹೋದೆವು. ಅಕ್ಕನ ಮಂಚದ ಪಕ್ಕ ಕೂತು, ಹೊದಿಕೆಯ ಮೇಲೆ ತಿರುಗುತ್ತಿದ್ದ ಅವಳ ಮುಷ್ಟಿಯ ಮೇಲೆ ನನ್ನ ಕೈ ಇಟ್ಟು, ಅದರ ಜೊತೆ ನನ್ನದನ್ನೂ ತಿರುಗಿಸುತ್ತ ಹಾಡಿದೆ. ನನ್ನ ಗಂಟಲು ಹಾಡುವ ಗಂಟಲಲ್ಲ. ಮೊದಲನೆಯ ನುಡಿಗೆ ಅಕ್ಕನ ತುಟಿ ಅಲುಗಿತು. ಎರಡನೆಯದರ ಮೊದಲ ಸಾಲು ಹೇಳಿದೆ, ಭಾರಾತು ನನ ಕಲ್ಲ ಎಂದು ಉಸಿರು ಎಳೆದುಕೊಳ್ಳಲು ನಿಂತೆ.

ಉಳಿದ ಎರಡು ಸಾಲನ್ನು ಅಕ್ಕ ಹೇಳಿದಳು. ಗಂಟಿ ಬಾರಿಸೂ ಮನಿಯಾಗ, ಸಣ್ಣಾಕಿ ಬಿಳಿ ಅಂಗಿ ತೊಟ್ಟು ನಿಂತಾಳ. ಒಂದಕ್ಷರ ಹೆಚ್ಚುಕಡಿಮೆ ಇರಲಿಲ್ಲ. ನಸೀಮಾ ನನ್ನ ಭುಜ ಹಿಡಿದಳು. ಆ ಸಾಲುಗಳು ಇದ್ದದ್ದು ನನ್ನ ತಲೆಯಲ್ಲಿ ಮತ್ತು ಅವಳ ಮೊಬೈಲಿನಲ್ಲಿ, ಇನ್ನೆಲ್ಲೂ ಅಲ್ಲ.

"ತಾ ಶಾಂತಾ, ಉಣತೇನಿ" ಎಂದಳು ಅಕ್ಕ. ಮಜ್ಜಿಗೆ ಹಾಕಿ ಕಲಸಿದ ನುಚ್ಚನ್ನು ಏಳೆಂಟು ಚಮಚ ತಿಂದಳು. ಶಾಂತಾ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ತಿನ್ನಿಸಿದಳು. ಬಾಯಿ ಒರೆಸಿದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು. ಕಣ್ಣು ನಿಚ್ಚಳವಾಗಿತ್ತು.

"ಏ ಸಣ್ಣಾಕಿ, ಇದನ್ನ ನೀ ಎಲ್ಲಿ ಕೇಳಿದಿ?"

"ಅವ್ವ ಅಂತಿದ್ದಳಲ್ಲ."

"ಮೊದಲನೇದು ಅಂತಿದ್ದಳು. ಎರಡನೇದು ನೀ ಹ್ವಾದ ಮ್ಯಾಲೆ ಕಟ್ಟಿದ್ದು. ಕಲ್ಲಿನ ಮುಂದ ನಾವಿಬ್ಬರ ಇದ್ವಿ. ನೀ ಎಲ್ಲಿದ್ದಿ?"

ನಾನು ಎಲ್ಲಿದ್ದೆ? ಬೆಳಗಾವಿಯಲ್ಲಿ, ಗಂಟೆ ಬಾರಿಸುವ ಮನೆಯಲ್ಲಿ, ಬಿಳಿ ಫ್ರಾಕ್ ತೊಟ್ಟು ಸಾಲಿನಲ್ಲಿ ನಿಂತಿದ್ದೆ. ಅವ್ವ ಬದುಕಿರುವಾಗ ನಾನು ಮತ್ತೆ ಮನೆಗೆ ಬರಲೇ ಇಲ್ಲ.

ಅಕ್ಕ ಆಮೇಲೆ ಇಪ್ಪತ್ತು ದಿನ ಇದ್ದಳು. ನಾನು ಅಲ್ಲಿಯೇ ಉಳಿದೆ, ದಿನವೂ ಪದ ಹೇಳಿದೆ, ದಿನವೂ ಅವಳು ಇಷ್ಟಿಷ್ಟು ಉಂಡಳು. ಮುಂದೆ ರಜೆಗೆ ಬಂದಾಗ ಯಾವಾಗಲಾದರೂ ನೀನೇ ನನಗೆ ಹೇಳಿರಬೇಕು ಅಕ್ಕಾ ಎಂದು ಒಮ್ಮೆ ಕೇಳಿದೆ. "ಅವ್ವ ಹ್ವಾದ ಮ್ಯಾಲೆ ಆ ಪದ ನನ್ನ ಬಾಯಾಗ ಬಂದಿಲ್ಲ" ಎಂದಳು. ಅವಳ ಬುದ್ಧಿ ಆಗಾಗ ತಪ್ಪುತ್ತಿತ್ತು, ಅದನ್ನೂ ಹೇಳಬೇಕು. ಆರು ವರ್ಷದ ಮಗು ಕೇಳಿಯೂ ಮರೆತ ಸಂದರ್ಭ ಒಂದು ಇದ್ದಿರಬಹುದು. ಒರಳಿನ ಸದ್ದು ಏನನ್ನೋ ಕೆದಕಿರಬಹುದು. ಒಬ್ಬ ಟೀಚರ್ ಹಾಗೆ ನಾನು ಇವನ್ನೆಲ್ಲ ಎದುರಿಗಿಟ್ಟುಕೊಂಡು ಅಳೆದಿದ್ದೇನೆ. ಯಾವುದೂ ಪೂರ್ತಿ ಸಾಲುವುದಿಲ್ಲ. ಇದನ್ನು ಓದಿ ಯಾರೂ ಭಂಗಿಯ ಬೆನ್ನು ಹತ್ತಬೇಡಿ. ನಾನು ಹೋದದ್ದು ಒಂದು ಮಾತು ಹಿಡಿದು, ಒಬ್ಬ ನರ್ಸಿನ ಕೈ ಹಿಡಿದು, ಅದೂ ಒಂದೇ ಸಲ.

"ಇನ್ನೊಂದು ಸಲ ಹೋಗೂಣೇನ್ರಿ ಟೀಚರ್‌ಬಾಯಿ, ಮಾರಿ ನೋಡಾಕ?" ಎಂದು ನಸೀಮಾ ಈಗಲೂ ಕೆಣಕುತ್ತಾಳೆ. ಈ ಸಲ ಮಾತು ಸಿದ್ಧವಾಗಿಯೇ ಇದೆ. ಅವ್ವನ ಮಾರಿ ನೋಡಬೇಕು, ಮೂರೇ ಶಬ್ದ, ಅರ್ಧ ಉಸಿರು ಸಾಕು. ಆದರೂ ನಾನು ಹೋಗಿಲ್ಲ.

ಯಾಕೆಂದರೆ ಆ ಮಧ್ಯಾಹ್ನದ ಬಗ್ಗೆ ಬಹಳ ತಡವಾಗಿ ನನಗೊಂದು ಸಂಗತಿ ಹೊಳೆಯಿತು. ಎರಡನೆಯ ನುಡಿ ಬಂದಾಗ ಕಲ್ಲಿನ ಮೇಲೆ ಎರಡೇ ಕೈ ಇದ್ದವು. ಹಿಟ್ಟಾದ ಪುಟ್ಟ ಕೈ ಅಲ್ಲಿರಲಿಲ್ಲ. ಅಕ್ಕನ ಕೈ ಎದುರಿನಿಂದ ಚಾಚಿತ್ತು, ಹಸಿರು ಬಳೆಯ ಕೈ ನನ್ನ ಕಡೆಯಿಂದ, ನನ್ನದೇ ಕೈ ಎಂಬಂತೆ. ಅಂದು ನಾನು ತಲೆ ಎತ್ತಿದ್ದರೆ ಕಾಣುತ್ತಿದ್ದುದು ಅವ್ವನ ಮುಖವೋ, ಅವ್ವ ದಿನವೂ ಬೆಳಗಿನಲ್ಲಿ ನೋಡುತ್ತಿದ್ದ ಹದಿಮೂರು ವರ್ಷದ ಗಂಗಿಯ ಮುಖವೋ, ನನಗೆ ಇಂದಿಗೂ ಗೊತ್ತಿಲ್ಲ.